ತಂತಿಯ ನಿನ್ನ ತುದಿ

ಅಪ್ಪಾ,

ಹೋದ ಭಾನುವಾರ ಪದ್ಮಶ್ರೀ ಬಂದಿದ್ದಳು. ಹೆಸರು ಕೇಳಿದ ಕೂಡಲೇ ನಿನ್ನ ಮುಖ ಅರಳಿರುತ್ತದೆ, ಗೊತ್ತು. ನನ್ನ ಜೊತೆ ಎಂ.ಎ. ಓದಿದ ಆ ಹಳೇಬೀಡಿನ ಹುಡುಗಿಯನ್ನು ಮನೆಗೆ ಕರೆತಂದವಳು ನಾನೇ. ಆಮೇಲಾಮೇಲೆ ಅವಳು ಬರುತ್ತಿದ್ದದ್ದು ನನ್ನನ್ನು ನೋಡಲು ಅಲ್ಲ...

ಅರಸೀಕೆರೆಯ ನಮ್ಮ ಕೊಬ್ಬರಿ ಗೋಡೌನಿನಲ್ಲಿ ನೀನು ಆಟದ ವಿಮಾನಕ್ಕೆಂದು ಮೊದಲ ಸಲ ಥರ್ಮಾಕೋಲ್ ಕೊಯ್ದಾಗ ಎದುರು ನಿಂತವಳು ನಾನಲ್ಲವೇ? ಬಿಲ್ಲಿಗೆ ಬಿಗಿದ ತಂತಿಯನ್ನು ಕರೆಂಟು ಕೊಟ್ಟು ಕಾಯಿಸಿ, ಒಂದು ತುದಿ ನೀನು, ಇನ್ನೊಂದು ನಾನು ಹಿಡಿದಿದ್ದೆವು. ಥರ್ಮಾಕೋಲಿನ ಎರಡೂ ಬದಿಗೆ ರೆಕ್ಕೆಯ ಆಕಾರದ ಪ್ಲೈವುಡ್ ಅಚ್ಚು, ಅದರ ಅಂಚಿನುದ್ದಕ್ಕೂ ಅಂಕಿಗಳು. ನೀನು ಅಂಕಿ ಕೂಗಬೇಕು, ನನ್ನ ತುದಿಯೂ ಅದೇ ಅಂಕಿಗೆ ಬಂದಾಗ ನಾನು ತಿರುಗಿ ಕೂಗಬೇಕು. ಒಟ್ಟಿಗೆ ಸಾಗಿದರೆ ಮಾತ್ರ ರೆಕ್ಕೆ. ನನ್ನ ದನಿ ಗಂಟಲು ದಾಟಲಿಲ್ಲ. "ಜೋರಾಗ್ ಹೇಳವ್ವಾ, ಕೇಳಿಸ್ತಿಲ್ಲ!" ನಾನು ಹೇಳುತ್ತಲೇ ಇದ್ದೆ, ಒಳಗೊಳಗೇ. ನೀನು ಮುಂದೆ ಹೋಗಿಬಿಟ್ಟೆ. ಕಾದ ತಂತಿ ನಡುವೆ ತಡೆದು, ಥರ್ಮಾಕೋಲ್ ಕರಗಿಸಿ ಹಳ್ಳ ಕೊರೆಯಿತು.

ಬಾಗಿಲಲ್ಲಿದ್ದ ಪದ್ಮಶ್ರೀ "ನಾನು ಹಿಡೀಲಾ ಅಂಕಲ್?" ಎಂದಳು. ಅವಳ ದನಿ ಬೀದಿಗೆಲ್ಲ ಕೇಳಿಸುತ್ತದೆ. ಅಂದಿನಿಂದ ನಾನು ಕೊಬ್ಬರಿ ಚೀಲದ ಮೇಲೆ ಪುಸ್ತಕ ಬಿಚ್ಚಿ ಕೂತೆ. ಓದುತ್ತಿದ್ದೇನೆ ಎಂದುಕೊಂಡಿದ್ದೆಯಾ? ನಿನ್ನ "ಮೂರು" ಎಂಬ ಕೂಗಿಗೆ ಅವಳ "ಮೂರು" ಬರುವುದನ್ನು ಕೇಳುತ್ತಿದ್ದೆ. ಅವಳಿಗೆ "ಭಲೇ ಹುಡುಗಿ!" ನನ್ನ ಫಸ್ಟ್ ಕ್ಲಾಸಿಗೆ "ಒಳ್ಳೇದಾಯ್ತು," ಅಷ್ಟೇ.

ಕೊನೆಯ ವಿಮಾನದ ಬಲ ರೆಕ್ಕೆ ಮುಗಿಸಿ ನೀನು ತೀರಿಹೋದೆ. ಎಡದ್ದು ಹಾಗೇ ಉಳಿಯಿತು.

"ಬಾರೇ, ಅದನ್ನೂ ಕೊಯ್ಯೋಣ," ಎಂದಳು ಹೋದ ಭಾನುವಾರ ಬಂದ ಪದ್ಮಶ್ರೀ. "ಅಂಕಲ್ ಕಡೆ ನಾನು ನಿಲ್ತೀನಿ. ನೀನು ನನ್ನ ಕಡೆ ನಿಲ್ಲು."

ಮೈ ಉರಿಯಿತು, ಅಪ್ಪಾ. ಅವಳ ಕಡೆಯಂತೆ!

"ಅಪ್ಪನ ಕಡೆ ನಾನು."

"ಆ ಕಡೆಯವರು ಮೊದಲು ಕೂಗಬೇಕಲ್ಲೇ. ಕ್ಲಾಸಲ್ಲಿ ಹಾಜರಿಗೂ ಬರೀ ಕೈ ಎತ್ತುತ್ತಿದ್ದೋಳು ನೀನು."

"ಕೂಗ್ತೀನಿ."

ಕೂಗಿದೆ. ಒಂದು, ಎರಡು ಒಡೆದ ದನಿಯಲ್ಲಿ. ಆಮೇಲೆ ದನಿ ತಾನೇ ದಾರಿ ಮಾಡಿಕೊಂಡಿತು. ಹೊರಗೆ ಚೀಲ ಹೊಲಿಯುತ್ತಿದ್ದ ರಂಗಣ್ಣ ಇಣುಕಿ, "ಯಾರವ್ವಾ ಅದು? ನಮ್ಮ ಸಾವ್ಕಾರ್ರು ಕೂಗ್ದಂಗಾಯ್ತು," ಅಂದ. ಮುಂದಿನ ಅಂಕಿ ಕೂಗುವುದು ಮರೆತು ಅವನ ಕಡೆ ತಿರುಗಿದೆ. ತಂತಿ ತಡೆಯಿತು. ಸಣ್ಣದೊಂದು ಹಳ್ಳ.

ಇವತ್ತು ಬೆಳಿಗ್ಗೆ ಮಾಲೇಕಲ್ಲು ದಾರಿಯ ಬಯಲಿನಲ್ಲಿ ವಿಮಾನ ಜೋಡಿಸಿ ಹಾರಿಸಿದೆವು. ರಿಮೋಟು ಅವಳ ಕೈಯಲ್ಲಿ. ಅದನ್ನೂ ಅವಳಿಗೇ ಕಲಿಸಿದ್ದೆಯಲ್ಲ! ವಿಮಾನ ಎದ್ದಿತು, ಎಡಕ್ಕೆ ವಾಲಿತು.

"ನಿನ್ನ ಹಳ್ಳದ ಕೆಲಸ ನೋಡು," ಎಂದು ನಕ್ಕಳು. "ಸರಿ ಮಾಡ್ಲಾ?"

"ಬೇಡ ಕಣೇ. ಒಂದು ಸುತ್ತು ಹಾಗೇ ಬಿಡು."

ಬಿಟ್ಟಳು. ನಿನ್ನದೂ ಅವಳದೂ ಆದ ಬಲ ರೆಕ್ಕೆಯನ್ನು ಮೇಲೆತ್ತಿಕೊಂಡು ಅದು ಇಡೀ ಒಂದು ಸುತ್ತು ನನ್ನ ರೆಕ್ಕೆಯ ಕಡೆಗೇ ವಾಲಿ ಹಾರಿತು, ಅಪ್ಪಾ.