ಅವ್ವನ ಕೈಯ ಉಪ್ಪು

ಏಪ್ರಿಲ್ ೧೬, ಗುರುವಾರ. ಕೆಂಪಾಪುರ.

ಮೈಯೆಲ್ಲ ಸೋತಿದೆ, ಆದರೂ ಅವ್ವನ ಸಾರು ತಲೆಯಿಂದ ಇಳಿಯುತ್ತಿಲ್ಲ.

ಬಿಪಿ ತೋರಿಸಲೆಂದು ಅವ್ವ ನಿನ್ನೆ ರಾಯಚೂರಿನ ಕಡೆಯಿಂದ ಬಂದಳು. ಇಂದು ನಾನು ಹೆಬ್ಬಾಳದ ಲ್ಯಾಬಿನಿಂದ ಬರುವಷ್ಟರಲ್ಲಿ ಅಡುಗೆ ಮುಗಿಸಿ, ಅಳಿಯನಿಗೆ ತಾನೇ ಬಡಿಸಿದಳು. ಸತೀಶ್ ಎರಡು ತುತ್ತು ತಿಂದು ಮೆಲ್ಲಗೆ ಕೇಳಿದ.

"ಅತ್ತೆ, ಉಪ್ಪು ಹಾಕೋದು ಮರ್ತ್ರಾ?"

"ಮರ್ತಿಲ್ರೀ. ಊರಾಗ ಹಾಕಿದಷ್ಟ ಹಾಕೀನಿ."

ನಾನೂ ಒಂದು ತುತ್ತು ತಿಂದೆ, ಸಪ್ಪೆಯೇ. ನನ್ನ ಮದುವೆಗೆ ಮುಂಚೆ ಅವ್ವನ ಸಾರು ಹೀಗೆ ಸಪ್ಪಗಿರಲಿಲ್ಲ. ಈಗ ಊರಿನ ನೀರೇ ಉಪ್ಪು ತರುತ್ತಿದೆ. ಅವಳ ಕೈ ಅವಳಿಗೇ ತಿಳಿಯದಂತೆ ಅಳತೆ ಇಳಿಸಿಕೊಂಡಿದೆ; ಇಲ್ಲಿನ ನೀರಿಗೆ ಅದು ಸಾಲದು.

ದಿನವಿಡೀ ಲ್ಯಾಬಿಗೆ ಪರೀಕ್ಷೆಗೆ ಬರುವ ನೀರಿನ ಬಾಟಲಿಗಳಲ್ಲಿ ನಾನು ನೋಡುವುದೂ ಇದನ್ನೇ. ಬೇಸಿಗೆಯಲ್ಲಿ ನಮ್ಮೂರಿನ ಮೇಲಿನ ಅಣೆಕಟ್ಟಿನ ನೀರೆಲ್ಲ ಕಾಲುವೆಗೆ ಹೋಗುತ್ತದೆ. ಕೆಳಗಿನ ಹೊಳೆಗೆ ಉಳಿಯುವುದು ಭತ್ತದ ಗದ್ದೆಗಳ ಮಣ್ಣಿನ ಉಪ್ಪನ್ನು ತೊಳೆದುಕೊಂಡು ಬಸಿದ ನೀರು. ನಮ್ಮೂರು ಕುಡಿಯುವುದು ಅದನ್ನೇ. ವರದಿ ಬರೆದು ಬರೆದು ಸಾಕಾಗಿದೆ.

"ಊರಿನ ನೀರು ಉಪ್ಪಾಗೇದವ್ವ," ಎಂದೆ.

ಅವಳು ನಮ್ಮ ಫಿಲ್ಟರ್ ನೀರನ್ನು ಒಂದು ಗುಟುಕು ಕುಡಿದು, ಮುಖ ಕಿವುಚಿ ಲೋಟ ಕೆಳಗಿಟ್ಟಳು.

"ಊರಿನ ನೀರು ಛಲೋ ಅದ. ನಿಮ್ಮ ನೀರಿಗೇ ರುಚಿ ಇಲ್ಲ."

ಸತೀಶ್ ಉಪ್ಪಿನಕಾಯಿ ಹಾಕಿಕೊಂಡು ಉಂಡ.

ನಾಳೆ ಡಾಕ್ಟರ ಬಳಿ ಹೋಗಬೇಕು. ಉಪ್ಪು ಕಡಿಮೆ ಮಾಡಿ ಎನ್ನುತ್ತಾರೆ. ಅವ್ವ ಆಗಲೇ ಕಡಿಮೆ ಮಾಡಿದ್ದಾಳೆ. ಇನ್ನು ಹೊಳೆಗೆ ಯಾರು ಹೇಳಬೇಕೋ...