ನಿಮ್ಮ ಕೋಣೆಗೆ ಬಂದ ಐದು ಸ್ಪೀಕರುಗಳು

ಮನೆಯಿಂದ
ಗುರುವಾರ, ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರ. ಮಂಡಿ ಹೇಗಿದೆ? ಆಪರೇಷನ್ ಆದ ಕಾಲಿಗೆ ಭಾರ ಹಾಕಬೇಡಿ. ನಾದಿನಿ ಮನೆಯ ಬಚ್ಚಲಿನದು ನುಣುಪು ಕಲ್ಲು. ಗೋಡೆ ಹಿಡಿದೇ ನಡೆಯಿರಿ. ಫೋನಿನಲ್ಲಿ ಕೇಳಬಹುದಿತ್ತು, ಆದರೆ ಅಲ್ಲಿ ನಿಮ್ಮ ಪಕ್ಕದಲ್ಲಿ ನಾದಿನಿ, ಇಲ್ಲಿ ನನ್ನ ಪಕ್ಕದಲ್ಲಿ ನಿಮ್ಮ ಮಗ. ಅಣ್ಣತಂಗಿಯರ ನಡುವೆ ಗುಟ್ಟು ನಿಲ್ಲುವುದಿಲ್ಲ. ಪಕ್ಕದ ಮನೆಯ ಡ್ರೈವರ್ ನಾಳೆ ಆ ಕಡೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಏಳನೇ ತರಗತಿಗೇ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ಮಗರಾಯರು ಹೋಮ್ ಥಿಯೇಟರ್ ಮಾಡುತ್ತಿದ್ದಾರೆ. ಎಲ್ಲಿ ಅಂತೀರಾ? ನಿಮ್ಮ ಕೋಣೆಯಲ್ಲಿ. ನೀವು ಹೋದ ವಾರವೇ ಶುರು. ಅವರ ಮ್ಯಾನೇಜರ್ ಮನೆಯಲ್ಲಿ ಅಂಥದ್ದೊಂದು ಇದೆಯಂತೆ. ಸಿನಿಮಾದಲ್ಲಿ ಹೆಲಿಕಾಪ್ಟರ್ ಬಂದರೆ ತಲೆಯ ಹಿಂದಿನಿಂದ ಮುಂದಕ್ಕೆ ಹಾರಿಹೋದ ಹಾಗೆ ಕೇಳಿಸಿತಂತೆ. ನಾನು ಹಿಂದಿನಿಂದ ನಾಲ್ಕು ಸಲ ಕೂಗಿದರೂ ಕೇಳಿಸದ ಕಿವಿಗೆ ಹೆಲಿಕಾಪ್ಟರ್ ಬೇಕಾಯಿತು.

ಸ್ಪೀಕರ್ ಆರಿಸಿದ ಚಂದ ನೀವು ನೋಡಬೇಕಿತ್ತು. ಒಂದನ್ನಾದರೂ ಹಾಕಿಸಿ ಕೇಳಲಿಲ್ಲ. ಕಲ್ಲಂಗಡಿ ಹಣ್ಣಿನಂತೆ ಬೆರಳಲ್ಲಿ ತಟ್ಟಿ, ಎತ್ತಿ ತೂಗಿ, ಭಾರವಾದದ್ದನ್ನೇ ತಂದರು. ಚಿಕ್ಕ ಕೋಣೆಗೆ ಚಿಕ್ಕದು ಸಾಕು ಎಂದು ಅಂಗಡಿಯವನೇ ಹೇಳಿದ್ದು ಇವರಿಗೆ ಅವಮಾನವಾಗಿ ಕಂಡಿತು. ತಂದವರು ಐದನ್ನೂ ಟಿವಿಯ ಅಕ್ಕಪಕ್ಕ ಸಾಲಾಗಿ ನಿಲ್ಲಿಸಿದರು, ಮದುವೆ ಫೋಟೋಗೆ ನಿಂತ ಬೀಗರ ಹಾಗೆ. ಎರಡು ಹಿಂದೆ ಇರಬೇಕಲ್ಲವೇ, ಡಬ್ಬಿಯ ಮೇಲೆ ಚಿತ್ರವೇ ಇದೆಯಲ್ಲ ಅಂದೆ. “ದುಡ್ಡು ಕೊಟ್ಟು ತಂದದ್ದನ್ನ ಬೆನ್ನ ಹಿಂದೆ ಇಟ್ಕೊಂಡ್ರೆ ಬಂದವರಿಗೆ ಕಾಣೋದು ಹೇಗೆ?” ಅಂದರು. ಸದ್ದನ್ನು ಕಣ್ಣಲ್ಲಿ ನೋಡುವ ಮಗನನ್ನು ಹೆತ್ತಿದ್ದೀರಿ ಅತ್ತೆ, ಬೇಸರಿಸಬೇಡಿ.

ಹೆಲಿಕಾಪ್ಟರ್ ಟಿವಿ ಬಿಟ್ಟು ಅಲ್ಲಾಡಲಿಲ್ಲ. ಆಮೇಲೆ ಜೋಡಿಸುವವನು ಬಂದ. ಅವನೂ ಇವರಿಗೆ ತಕ್ಕವನೇ. ಮೂಲೆಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದ, ಕಣ್ಣು ಮುಚ್ಚಿ ನಾಡಿ ನೋಡುವ ವೈದ್ಯನ ಮುಖ ಮಾಡಿದ. ಹಿಂದಿನ ಎರಡು, ಕೂತವರ ಕಿವಿಗಿಂತ ಒಂದು ಮೊಳ ಮೇಲೆ, ತುಸು ಹಿಂದಕ್ಕೆ ಇರಬೇಕಂತೆ. ಅದಕ್ಕೆ ನಿಮ್ಮ ಮಗನನ್ನು ಕುರ್ಚಿಯಲ್ಲಿ ಕೂರಿಸಿ ನೆಲದಿಂದ ಕಿವಿಯವರೆಗೆ ಟೇಪಿನಲ್ಲಿ ಅಳೆದರು. ಟೇಪಿನ ತುದಿ ಹಿಡಿದು ನೆಲದಲ್ಲಿ ಕೂತವಳು ನಾನು. ನನ್ನ ಕಿವಿಯನ್ನು ಯಾರೂ ಅಳೆಯಲಿಲ್ಲ. ಯಾಕೆಂದರೆ ಐದರ ಸದ್ದೂ ಸರಿಯಾಗಿ ಬಂದು ಸೇರುವುದು ಒಂದೇ ಜಾಗದಲ್ಲಂತೆ, ಒಂದೇ ಕುರ್ಚಿಯಲ್ಲಿ. ಪಕ್ಕದಲ್ಲಿ ಕೂತವರಿಗೆ ಬರೀ ಗದ್ದಲ. ಮನೆಯನ್ನೆಲ್ಲ ತಲೆಕೆಳಗು ಮಾಡಿದ್ದು ಒಬ್ಬರ ಎರಡು ಕಿವಿಗೆ. ಆ ಕುರ್ಚಿ ಬರುವುದು ನಿಮ್ಮ ಮಂಚ ಇರುವ ಕಡೆ.

ಮಂಚ ಹಾಲಿಗೆ, ಚಪ್ಪಲಿ ಬಿಡುವ ಬಾಗಿಲ ಪಕ್ಕಕ್ಕಂತೆ. ಕಿಟಕಿಗೆ ಹಲಗೆ ಹೊಡೆಯುತ್ತಾರಂತೆ. ನಿಮ್ಮ ಹತ್ತಿ ಹಾಸಿಗೆ ಮಾತ್ರ ಅಲ್ಲೇ ಇರಲಿ, ಹಿಂದಿನ ಗೋಡೆಗೆ ನಿಲ್ಲಿಸಿದರೆ ಸದ್ದು ಹೀರುತ್ತದೆ ಎಂದ ಆ ಮಹಾನುಭಾವ. ನಿಮ್ಮ ಮಗ ತಲೆಯಾಡಿಸಿದರು. ಅತ್ತೆ ಯಾವುದರ ಮೇಲೆ ಮಲಗುತ್ತಾರೆ ಅಂದೆ. “ಅಮ್ಮಂಗೆ ಏನಾದ್ರೂ ನಡೆಯುತ್ತೆ” ಅಂದರು.

ಮಾತ್ರೆ ತಪ್ಪಿಸಬೇಡಿ. ಬಿಸಿನೀರೇ ಕುಡಿಯಿರಿ. ನಾದಿನಿಗೂ ಅವಳ ಯಜಮಾನರಿಗೂ ಕೇಳಿದೆನೆಂದು ಹೇಳಿ. ಏನು ಬರೆದೆನೆಂದು ಮಾತ್ರ ಹೇಳಬೇಡಿ.

ನಿಮ್ಮ ಆಶೀರ್ವಾದ ಬೇಡುವ,
ಸೊಸೆ

ಮರೆತಿದ್ದೆ: ಭಾನುವಾರ ಅವರು ನಿಮಗೆ ಫೋನ್ ಮಾಡುತ್ತಾರೆ. ಮೊದಲು ಮಂಡಿ ವಿಚಾರಿಸಿ, ಆಮೇಲೆ ಹಾಲಿನಲ್ಲಿ ಗಾಳಿ ಚೆನ್ನಾಗಿದೆ ಅನ್ನುತ್ತಾರೆ. ನೀವು ಹೂಂ ಅಂದ ಮೇಲೆಯೇ ಗೋಡೆ ಕೊರೆಯುವುದು, ಅಷ್ಟು ಮುಲಾಜು ಇನ್ನೂ ಉಳಿದಿದೆ. ನನ್ನ ಮಾತು ಅವರಿಗೆ ಲೆಕ್ಕಕ್ಕಿಲ್ಲ. ನೀವು ಅವರಿಗೆ ಇಲ್ಲ ಅಂದದ್ದನ್ನು ನಾನು ಬಂದ ಮೇಲೆ ಒಮ್ಮೆಯೂ ಕೇಳಿಲ್ಲ. ಈ ಸಲ ಅನ್ನಿ. ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ನಿಮ್ಮ ಹತ್ತಿರ ಕೂರುವುದು ಬಿಟ್ಟರೆ ಈ ಮನೆಯಲ್ಲಿ ನನಗೂ ಬೇರೆ ಜಾಗವಿಲ್ಲ. ಇಲ್ಲ ಅಂದ ತಕ್ಷಣ ಫೋನ್ ಇಟ್ಟುಬಿಡಿ, ಅವರು ಎರಡನೇ ಸಲ “ಅಮ್ಮಾ” ಅನ್ನುವ ಮೊದಲೇ.