ಉಬ್ಬರ ಏರುವ ಮೊದಲು ಆ ಬಟನ್ ಒಳಗೆ ತನ್ನಿ

ಜಮೀನು ಅಳೆಯುವ ತಂತ್ರಾಂಶವನ್ನು ರಾಜಧಾನಿಯಲ್ಲಿ ಕುಳಿತು ಸಾಕಿ ಸಲಹುತ್ತಿರುವ ಮಾನ್ಯ ಸಾಹೇಬರೇ,

ನಿಮ್ಮ ಹೊಸ ಟ್ಯಾಬಿನಲ್ಲಿ ‘ಉಳಿಸಿ’ ಎಂಬ ಬಟನ್ ಪರದೆಯ ಹೊರಗಿದೆ. ಎರಡು ಬೆರಳಷ್ಟು ಹೊರಗೆ, ಗಾಳಿಯಲ್ಲಿ. ಅದನ್ನು ಒತ್ತಲಾಗದೆ ಭಾವಿಕೇರಿಯ ಒಂದೂವರೆ ಎಕರೆ ಗದ್ದೆ ಮೂರು ಸಲ ಅಳತೆಯಾಗಿಯೂ ಅಳತೆಯಾಗದೆ ಬಿದ್ದಿದೆ. ಸಾಲದ್ದಕ್ಕೆ, ಜಗಳವೇ ಇಲ್ಲದ ಒಂದು ಮನೆತನದಲ್ಲಿ ಸರ್ಕಾರಿ ಖರ್ಚಿನಲ್ಲಿ ಜಗಳ ಹುಟ್ಟಿದೆ.

ಹಳೆಯ ಯಂತ್ರವನ್ನು ನಾವು ಹೊಗಳುವವರಲ್ಲ. ಇಟ್ಟಿಗೆಯಷ್ಟು ಭಾರ, ಕಡ್ಡಿಯಿಂದ ಕುಟ್ಟಬೇಕು. ಆದರೆ ಕುಟ್ಟಿದ್ದು ಉಳಿಯುತ್ತಿತ್ತು. ನೀವು ಕನಿಕರಪಟ್ಟು ಟ್ಯಾಬ್ ಕೊಟ್ಟಿರಿ. ತೆಳ್ಳಗೆ, ನುಣ್ಣಗೆ, ಬಿಸಿಲಲ್ಲಿ ಹಿಡಿದರೆ ನಮ್ಮ ಮುಖವನ್ನೇ ನಮಗೆ ತೋರಿಸುವಂಥದ್ದು. ಒಳಗೆ ಸುರಿದದ್ದು ಮಾತ್ರ ಅದೇ ಹಳೆಯ ತಂತ್ರಾಂಶ. ಅಣ್ಣನಿಗೆ ಹೊಲಿದ ಅಂಗಿಯನ್ನು ತಮ್ಮನಿಗೆ ತೊಡಿಸಿದ ಹಾಗೆ. ಟ್ಯಾಬನ್ನು ಅಡ್ಡ ತಿರುಗಿಸಿದರೆ ಬಟನ್ ದರ್ಶನ ಕೊಡುತ್ತದೆ, ನಿಜ; ಆದರೆ ಅಷ್ಟರೊಳಗೆ ಬರೆದದ್ದೆಲ್ಲ ಅಳಿಸಿಹೋಗಿರುತ್ತದೆ. ದೇವರು ಪ್ರತ್ಯಕ್ಷನಾದಾಗ ಭಕ್ತ ಬೇಡಿಕೆ ಮರೆತಂತೆ!

ನಮ್ಮ ಸರ್ವೆಯರ್ ಪ್ರದೀಪ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಒಂದು ಕಲ್ಲಿನ ಅಳತೆ ಹಾಕುವುದು, ತಂತ್ರಾಂಶವನ್ನೇ ಮುಚ್ಚುವುದು. ಮುಚ್ಚುವಾಗ ಅದು ತಾನಾಗಿ ಉಳಿಸಿಕೊಳ್ಳುತ್ತದೆ. ಮತ್ತೆ ತೆರೆದು ಮುಂದಿನ ಕಲ್ಲಿಗೆ ನಡೆಯುವುದು. ಕಲ್ಲಿಗೆ ಹತ್ತು ನಿಮಿಷ, ಹದಿನೆಂಟು ಕಲ್ಲಿಗೆ ಮೂರು ತಾಸು. ಕೊನೆಗೆ ಹೊರಟ ಕಲ್ಲಿಗೇ ಮರಳಿ ಅಳತೆ ಮುಗಿಸಬೇಕು. ಇಲ್ಲವಾದರೆ ಹದಿನೆಂಟೂ ಮಾಯ. ಅಗಸೂರಿನ ಗುಡ್ಡದ ಮೇಲೆ ಇದು ನಡೆದೀತು. ನಮ್ಮದು ಗಜನಿ ಗದ್ದೆ ಸ್ವಾಮಿ, ಸಮುದ್ರದ ನೀರು ಹಳ್ಳ ಹಿಡಿದು ಕಟ್ಟೆಯ ಬುಡದವರೆಗೆ ಬಂದು ಹೋಗುವ ಜಾಗ. ನಕ್ಷೆಯ ಪ್ರಕಾರ ಶುರು ಮಾಡಲೇಬೇಕಾದ ಮೊದಲ ಕಲ್ಲು ಇರುವುದು ಆ ಬುಡದಲ್ಲೇ. ನೀರು ಇಳಿದಾಗ ಅದು ಕಾಣುವುದು ಎರಡೂವರೆ ತಾಸು.

ಲೆಕ್ಕ ನಿಮಗೂ ಬರುತ್ತದಲ್ಲ?

ಗದ್ದೆ ನಮ್ಮ ನೆರೆಮನೆಯ ಸುಗಂಧಾ ಅಕ್ಕ ಮತ್ತು ಅವರ ಮೈದುನ ರಾಮನಾಥನದು. ಗಂಡ ತೀರಿಕೊಂಡ ಮೇಲೂ ಅಕ್ಕನ ಪಾಲನ್ನು ತಾನೇ ಉತ್ತು ಕೊಡುತ್ತ ಬಂದವ ಅವನು. “ಜಗಳ ಬರೂಕೆ ಮುಂಚೆ ಪಾಲು ಮಾಡಿಕೊಳ್ವ” ಎಂದು ಇಬ್ಬರೂ ಒಂದೇ ಅರ್ಜಿಗೆ ಸಹಿ ಹಾಕಿದರು. ಇಂಥ ವಿಚಿತ್ರ ಪ್ರಾಣಿಗಳನ್ನು ನಿಮ್ಮ ಕಚೇರಿ ಕಂಡಿರಲಿಕ್ಕಿಲ್ಲ.

ಮೊದಲೆರಡು ಸಲದಂತೆ ಮೂರನೆಯ ಸಲವೂ ಸಾಕ್ಷಿಯಾಗಿ ನಾನು ಮೊಣಕಾಲು ನೀರಿನಲ್ಲಿದ್ದೆ. ಗಾಜಿನ ಮೇಲೆ ಬೆರಳಿನಿಂದ ಮಾಡಿದ ನನ್ನ ಸಹಿ ಏಡಿ ಓಡಿದ ಗುರುತಿನಂತಿತ್ತು.

“ತಮಾ, ಕಲ್ಲು ಮುಳುಗೂಕೆ ಬಂತು, ಲಗೂ ಒತ್ತು!” ಎಂದರು ಅಕ್ಕ.

“ಅಕ್ಕೋರೆ, ಬಟನ್ ಇದ್ರಲ್ವಾ ಒತ್ತೂದು?” ಪ್ರದೀಪ ಅಳುವುದೊಂದು ಬಾಕಿ.

“ಈ ಭರತದ ನೀರಿಗೇ ಒಂದು ನೋಟಿಸ್ ಕೊಡು ಮಾರಾಯ,” ಎಂದ ರಾಮನಾಥ. “ಹದಿನೈದು ದಿನ ಬಿಟ್ಟು ಹತ್ತಲಿ.”

ನಕ್ಕೆವು. ಉಬ್ಬರ ನಗಲಿಲ್ಲ, ಏರಿತು.

ಅಳತೆ ಮುಗಿಯದಿದ್ದರೆ ತಂತ್ರಾಂಶ ಕಾರಣ ಕೇಳುತ್ತದೆ. ಮೂರೇ ಕಾರಣ: ಮಾಲೀಕರು ಗೈರು, ಕಲ್ಲು ಸಿಗಲಿಲ್ಲ, ಪಾಲುದಾರರ ತಕರಾರು. ನೂರಾರು ಕಿಲೋಮೀಟರ್ ಕರಾವಳಿ ಇರುವ ರಾಜ್ಯದಲ್ಲಿ ನೀರು ಬಂತು ಎಂಬುದು ಕಾರಣವಲ್ಲ. ಒಮ್ಮೆ ಹೇಳಿದ ಕಾರಣವನ್ನು ಅದು ಮತ್ತೆ ಒಪ್ಪುವುದೂ ಇಲ್ಲ. ಹಾಗಾಗಿ ಮೊದಲ ಸಲ, ಎದುರೇ ನಿಂತಿದ್ದ ಅಕ್ಕ ಗೈರಾದರು. ಎರಡನೆಯ ಸಲ, ಅಜ್ಜನ ಕಾಲದ ಕಲ್ಲು ಕಾಣೆಯಾಯಿತು. ಮೂರನೆಯ ಸಲ ಉಳಿದದ್ದು ಒಂದೇ. ಪ್ರದೀಪ ಕಣ್ಣು ಮುಚ್ಚಿ ಒತ್ತಿದರು. ಆ ಬಟನ್ ಮಾತ್ರ ಪರದೆಯ ನಟ್ಟನಡುವೆ ಇತ್ತು.

ವಾರದೊಳಗೆ ಇಬ್ಬರಿಗೂ ನೋಟಿಸ್ ಬಂತು: ರಾಮನಾಥನ ತಕರಾರಿನಿಂದ ಅಳತೆ ನಿಂತಿದೆ, ಹಾಜರಾಗಿ ಹೇಳಿಕೆ ಕೊಡಿ.

“ಅತ್ತಿಗೆ, ನಾ ತಕರಾರು ಮಾಡ್ಲಿಲ್ಲ,” ಅಂಗಳದಲ್ಲಿ ನಿಂತು ಹೇಳಿದ ಅವನು.

“ನೀ ಮಾಡ್ಲಿಲ್ಲ ಅಂದ್ರೆ ಸರ್ಕಾರಕ್ಕೆ ಹ್ಯಾಂಗೆ ಗೊತ್ತಾಯ್ತು?”

ಟ್ಯಾಬಿನ ಕಥೆಯನ್ನು ನಾನು ಬಿಡಿಸಿ ಹೇಳಿದೆ. ಅಕ್ಕ ತಲೆಯಾಡಿಸಿದರು. ಆದರೆ ಅಂದು ಅವನಿಗೆ ಚಾ ಕೇಳಲಿಲ್ಲ. ಮೊನ್ನೆ ಆದಿತ್ಯವಾರ ಅವನು ಕಟ್ಟೆಯ ಮೇಲೆ ಒಬ್ಬನೇ ಹೆಜ್ಜೆ ಎಣಿಸಿ ಗದ್ದೆಯ ಉದ್ದ ಅಳೆಯುತ್ತ ನಡೆಯುವುದನ್ನು ನಾನು ಕಂಡೆ. ಅಕ್ಕನೂ ತಮ್ಮ ಕಿಟಕಿಯಿಂದ ಕಂಡರು.

ಆದ್ದರಿಂದ ಸಾಹೇಬರೇ, ಕೃಪೆ ಬೇಡ, ಕೆಲಸ ಮಾಡಿ. ತಂತ್ರಾಂಶವನ್ನು ಈ ಟ್ಯಾಬಿನ ಅಳತೆಗೆ ಹೊಸದಾಗಿ ಹೊಲಿಸಿ, ಬಟನ್ನನ್ನು ಎರಡು ಬೆರಳು ಒಳಗೆ ತನ್ನಿ. ಕಾರಣಗಳ ಪಟ್ಟಿಯಲ್ಲಿ ಸಮುದ್ರಕ್ಕೂ ಒಂದು ಜಾಗ ಕೊಡಿ. ಎಲ್ಲಕ್ಕಿಂತ ಮೊದಲು, ರಾಮನಾಥ ಮಾಡದ ತಕರಾರನ್ನು ಕಡತದಿಂದ ಅಳಿಸಿ. ಅಳಿಸುವುದರಲ್ಲಿ ನಿಮ್ಮ ತಂತ್ರಾಂಶಕ್ಕೆ ಒಳ್ಳೆಯ ಪಳಗಿದ ಕೈ ಇದೆಯಲ್ಲ. ಬರುವ ಅಮಾವಾಸ್ಯೆಗೆ ನೀರು ದೂರ ಇಳಿಯುತ್ತದೆ. ಸಮುದ್ರ ತನ್ನ ದಿನ ತಪ್ಪಿಸುವುದಿಲ್ಲ. ನೀವು ತಪ್ಪಿಸಿದರೆ, ಪ್ರದೀಪ ಕಣ್ಣು ಮುಚ್ಚಿ ಒತ್ತಿದ ಆ ತಕರಾರು ಮುಂದಿನ ಸಲದ ಹೊತ್ತಿಗೆ ಸುಳ್ಳಾಗಿ ಉಳಿದಿರುವುದಿಲ್ಲ.

ಇಂತಿ,
ಮೂರು ಸಲ ಸಹಿ ಹಾಕಿಯೂ ಎಲ್ಲಿಯೂ ಉಳಿಯದ ಸಾಕ್ಷಿ,
ಯಜ್ಞೇಶ್ವರ, ಭಾವಿಕೇರಿ
(ಸ್ಥಳದಲ್ಲಿ ಹಾಜರಿದ್ದೆ, ನಿಮ್ಮ ದಾಖಲೆ ಏನೇ ಹೇಳಲಿ)